‘ಅವನು’ ಇಲ್ಲದ, ‘ಅವಳು’ ಇಲ್ಲದ ಗ್ರಹದಲ್ಲಿ

ಈ ವಿಡಿಯೊದಲ್ಲಿ ಮೇಜಿನ ಮೇಲೆ ಕಾಣುತ್ತಿರುವುದು ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. 1969ರ ವೈಜ್ಞಾನಿಕ ಕಾದಂಬರಿ, ಆ ಪ್ರಕಾರದ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಇದಕ್ಕೆ ಬಂದಿವೆ. ನಾನು ಎರಡು ಸಲ ಐವತ್ತನೆಯ ಪುಟದ ಹೊತ್ತಿಗೆ ಕೈಬಿಟ್ಟಿದ್ದೆ. ಇದು ಮೂರನೆಯ ಸಲ.

ಲೇಖಕಿ ಏನನ್ನೂ ಬಿಡಿಸಿ ಹೇಳುವುದಿಲ್ಲ. ಗೆಥೆನ್ ಎಂಬ ಹಿಮಗ್ರಹಕ್ಕೆ ದೂತನಾಗಿ ಬಂದ ಗೆನ್ಲಿ ಐ ಎಂಬವನ ಜೊತೆ ನಮ್ಮನ್ನೂ ಅಲ್ಲಿ ಇಳಿಸಿಬಿಡುತ್ತಾರೆ. ಆರಂಭದಲ್ಲೇ ‘ಶಿಫ್‌ಗ್ರೆಥೊರ್’ ಎಂಬ ಪದ ಎದುರಾಗುತ್ತದೆ. ಮಾನ, ಪ್ರತಿಷ್ಠೆ, ಸ್ಥಾನ ಎಲ್ಲವೂ ಬೆರೆತ ಒಂದು ಭಾವ ಅದು. ‘ನೆರಳು’ ಎಂಬ ಹಳೆಯ ಪದದಿಂದ ಅದು ಹುಟ್ಟಿತೆಂದು ತಿಳಿಯುವಾಗ ಪುಸ್ತಕ ಮುಗಿಯುತ್ತ ಬಂದಿರುತ್ತದೆ. ಅಷ್ಟು ತಡವಾಗಿ ತಿಳಿದದ್ದೇ ಒಳ್ಳೆಯದಾಯಿತು. ನೆರಳೇ ಬೀಳದ ಬಿಳಿ ಬೆಳಕಿನಲ್ಲಿ, ಹಿಮದ ಬಿರುಕು ಎಲ್ಲಿದೆಯೆಂದು ಕಾಣದೆ ಗೆನ್ಲಿ ಮತ್ತು ಗೆಥೆನ್‌ನವರಾದ ಎಸ್ಟ್ರಾವೆನ್ ಇಬ್ಬರೂ ಹೆಜ್ಜೆಯಿಡಲು ಅಂಜುವ ಪುಟಗಳನ್ನು ಓದುವಾಗ ನನಗೆ ಮೈ ಜುಮ್ಮೆಂದಿತು.

ನಿಜವಾದ ತೊಡಕು ಬೇರೆ. ಗೆಥೆನ್‌ನ ಜನ ತಿಂಗಳ ಬಹುಪಾಲು ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವೇ ದಿನ ಎರಡರಲ್ಲೊಂದು ಆಗುತ್ತಾರೆ, ಯಾರು ಬೇಕಾದರೂ ಬಸಿರಾಗಬಹುದು. ಆದರೂ ಲೇಖಕಿ ಎಲ್ಲರಿಗೂ ಇಂಗ್ಲಿಷಿನ ‘ಹಿ’ ಬಳಸಿದರು. ಮುಂದೆ ತಮ್ಮದೇ ಪ್ರಬಂಧದಲ್ಲಿ ಆ ಆಯ್ಕೆಯನ್ನು ಮರುವಿಮರ್ಶಿಸಿದರು. ಓದುತ್ತ ಓದುತ್ತ ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತರುತ್ತಿದ್ದೆ. ‘ಎಸ್ಟ್ರಾವೆನ್ ಬಂದನು’ ಎಂದರೆ ತಪ್ಪು, ‘ಬಂದಳು’ ಎಂದರೂ ತಪ್ಪು. ‘ಬಂದಿತು’ ಎನ್ನಲು ಅವರೇನು ತೊಟ್ಟಿಲ ಮಗುವೇ? ‘ಬಂದರು’ ಎಂದೆ. ಲಿಂಗದ ತೊಡಕು ಕಳೆಯಿತು, ಆದರೆ ಗೌರವದ ದೂರವೊಂದು ನಡುವೆ ಬಂದು ಕೂತಿತು.

ವಿಚಿತ್ರವೆಂದರೆ ಗೆನ್ಲಿಗೂ ಇದ್ದದ್ದು ಅದೇ ದೂರ. ಪ್ರಧಾನಿಯಾಗಿದ್ದ ಎಸ್ಟ್ರಾವೆನ್‌ರನ್ನು ಆತ ನಂಬಲೇ ಇಲ್ಲ. ಕೊನೆಗೆ ಇಬ್ಬರೂ ಜಾರುಬಂಡಿ ಎಳೆಯುತ್ತ ಗೋಬ್ರಿನ್ ಹಿಮರಾಶಿ ದಾಟುತ್ತಾರೆ. ಒಂದು ರಾತ್ರಿ ಡೇರೆಯೊಳಗೆ, ತುಟಿ ಅಲುಗದೆ ಮನಸ್ಸಿನಿಂದ ಮನಸ್ಸಿಗೆ ಮಾತಾಡುವುದನ್ನು ಗೆನ್ಲಿ ಕಲಿಸುತ್ತಾನೆ. ಕೇಳಿಸಿದ್ದು ತೀರಿಹೋದ ಅಣ್ಣನ ದನಿ ಎಂದು ಎಸ್ಟ್ರಾವೆನ್ ನಡುಗುತ್ತಾರೆ. ಆಮೇಲೆ, ತನ್ನನ್ನು ಸ್ವಂತ ಹೆಸರಿನಿಂದ, ಥೆರೆಮ್ ಎಂದು ಕರೆಯಲು ಹೇಳುತ್ತಾರೆ.

ನನ್ನ ‘ಅವರು’ ಅಲ್ಲಿಯೇ ಕಳಚಿಬಿತ್ತು. ಕನ್ನಡದ ‘ನೀನು’ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲವಲ್ಲ. ನೋಡಿ, ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಅದೊಂದೇ ಪದ ಬರೆದಿದ್ದೇನೆ. ಇನ್ನು ಕೊನೆಯ ಭಾಗ ಉಳಿದಿದೆ. ಕ್ಯಾಮೆರಾ ಆರಿಸಿ ಓದಲು ಕೂರುತ್ತೇನೆ.