ಕಪ್ಪು ಬಳಿದು ಮುಚ್ಚಿದ ಚಾಸಿ

ನಮಸ್ಕಾರ. ಮೇ ತಿಂಗಳು ಬಂತು ಅಂದ್ರೆ ನಮ್ಮ ಮಲೆನಾಡಿನ ಗ್ಯಾರೇಜುಗಳ ಮುಂದೆ ಹಳೇ ಜೀಪುಗಳು ಸಾಲಾಗಿ ನಿಲ್ತವೆ. ಮಳೆ ಹಿಡಿಯೋದ್ರೊಳಗೆ, ತುಕ್ಕು ಹಿಡೀದ ಹಾಗೆ ಗಾಡಿಯ ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸ್ಬೇಕು ಅಂತ ಎಲ್ಲರಿಗೂ ಅವಸರ. ವಾಟರ್ ಸರ್ವಿಸ್ ಆದ ಗಾಡೀನ ಅವತ್ತೇ ಸಂಜೆ, ಸಂದೀಲಿ ನೀರು ಇನ್ನೂ ತೊಟ್ಟಿಕ್ಕುತ್ತಾ ಇರುವಾಗ್ಲೇ ಬಳಿದು ಕಳಿಸ್ತಾರೆ. ನೋಡೋಕೆ ಚೆನ್ನಾಗೇ ಇರುತ್ತೆ. ಆದ್ರೆ ನಾನು ನೋಡಿದ ಮಟ್ಟಿಗೆ, ಆ ಕೋಟಿಂಗ್ ಬಳಿಯದೇ ಇದ್ದಿದ್ರೆ ಎಷ್ಟೋ ಜೀಪುಗಳ ಚಾಸಿ, ಅಂದ್ರೆ ಬಾಡಿಯನ್ನ ಹೊರೋ ಅಡಿಯ ಕಬ್ಬಿಣದ ಚೌಕಟ್ಟು, ಇನ್ನೂ ಹತ್ತು ವರ್ಷ ಬಾಳ್ತಿತ್ತು.

ನಮ್ಮನೇಲೂ ಒಂದು ಜೀಪಿದೆ. ಮಹೀಂದ್ರ ಸಿಜೆ-3ಬಿ, ಸಕಲೇಶಪುರದ ಕಡೆ ತೋಟದಲ್ಲಿ ದುಡಿದಿದ್ದು. ಮಹೀಂದ್ರದವರು ಅಮೆರಿಕದ ವಿಲ್ಲೀಸ್ ಜೀಪುಗಳನ್ನ ಇಲ್ಲಿ ಜೋಡಿಸೋಕೆ ಶುರು ಮಾಡಿದ್ದು 1940ರ ದಶಕದ ಕೊನೇಲಿ. ಆವತ್ತಿಂದ ಕಾಫಿ ಸೀಮೆಯಲ್ಲಿ ಜೀಪು ಇಲ್ಲದ ತೋಟ ಹುಡುಕೋದೇ ಕಷ್ಟ ಆಗಿತ್ತು. ಅಪ್ಪ ಹೋದ ಮೇಲೆ ಅದನ್ನ ಪೂರ್ತಿ ಬಿಚ್ಚಿ ಸರಿ ಮಾಡಿಸೋಣ ಅಂತ ಬಾಡಿ ಎತ್ತಿಸಿದೆ. ಚಾಸಿ ಕಪ್ಪಗೆ ನುಣ್ಣಗಿತ್ತು. ಹಿಂದಿನ ಮೂರು ಮಳೆಗಾಲಕ್ಕೂ ಒಂದು ಗ್ಯಾರೇಜಲ್ಲಿ ಕೋಟಿಂಗ್ ಹೊಡೆಸಿದ್ವಿ. ಎಡಗಡೆ ಮುಂದಿನ ಸ್ಪ್ರಿಂಗ್ ಹ್ಯಾಂಗರಿನ (ಸ್ಪ್ರಿಂಗನ್ನ ಚಾಸಿಗೆ ಹಿಡಿಸೋ ಕೊಂಡಿ) ಹಿಂದೆ ಮಾತ್ರ ಹಪ್ಪಳದ ಗುಳ್ಳೆ ಥರ ಒಂದು ಉಬ್ಬು. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದೆ. ಗುಳ್ಳೆ ಒಡೆದು ಕಷಾಯದ ಬಣ್ಣದ ಕೆಂಪು ನೀರು ನನ್ನ ಮಣಿಕಟ್ಟಿನ ತನಕ ಇಳೀತು. ಅದು ಮಾರ್ಚ್ ತಿಂಗಳು, ಹೊರಗೆ ಕಾಫಿ ಒಣಗಿಸೋ ಕಣ ಬಿಸಿಲಿಗೆ ಸುಡ್ತಾ ಇತ್ತು. ಇನ್ನೊಂಚೂರು ಒತ್ತಿದ್ದಕ್ಕೆ ಸ್ಕ್ರೂಡ್ರೈವರ್ ಹಿಡಿ ತನಕ ಒಳಗೆ ಹೋಯ್ತು.

ಆ ಜಾಗದಲ್ಲಿ ಕಬ್ಬಿಣ ಹಕ್ಕಳೆ ಹಕ್ಕಳೆಯಾಗಿ ಬಿಟ್ಕೊಂಡಿತ್ತು. ಕೋಟಿಂಗೇ ಅದನ್ನ ಒಟ್ಟಿಗೆ ಹಿಡ್ಕೊಂಡಿದ್ದು.

ಯಾಕೆ ಹೀಗಾಗುತ್ತೆ? ಜೀಪಿನ ಚಾಸಿ ಅಂದ್ರೆ ಏಣಿ ಥರ ಎರಡು ಉದ್ದದ ಹಳಿ, ನಡುವೆ ಅಡ್ಡಪಟ್ಟಿ. ಹಳಿ ಒಂದು ಬದಿ ತೆರೆದಿರೋ ಚಾನೆಲ್. ಬಲ ಬೇಕಾದ ಕಡೆ ಆ ತೆರೆದ ಬದಿಗೂ ಪ್ಲೇಟ್ ವೆಲ್ಡ್ ಮಾಡಿರ್ತಾರೆ. ಆಗ ಅದು ಪೆಟ್ಟಿಗೆ ಆಯ್ತು. ಅದರೊಳಗೆ ಕೆಸರು, ತರಗೆಲೆ, ಗೊಬ್ಬರದ ಪುಡಿ ಎಲ್ಲ ಸೇರುತ್ತೆ. ತೋಟದ ಜೀಪಿಗೆ ಇನ್ನೊಂದು ಶತ್ರು ಇದೆ, ಅದನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ: ಪೊಟ್ಯಾಷ್. ನಾವು ಮೂಟೆಗಟ್ಟಲೆ ಹೊರಿಸೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿ. ಹರಿದ ಮೂಟೆಯಿಂದ ಸೋರಿ ಬಾಡಿ ಬೋಲ್ಟಿನ ತೂತಲ್ಲಿ ಇಳಿದ್ರೆ, ಮಂಗಳೂರಿನ ಕಡಲ ಗಾಳಿ ಮಾಡೋ ಕೆಲಸಾನೇ ಘಟ್ಟದ ಮೇಲೂ ಮಾಡುತ್ತೆ.

ಗಾಳಿಯ ತೇವಾಂಶ ಶೇಕಡಾ 60 ದಾಟಿದ್ರೆ ಸಾಕು, ಕಬ್ಬಿಣ ಬೇಗ ತುಕ್ಕು ಹಿಡಿಯೋಕೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕಮ್ಮಿ ಇರೋ ದಿನ ಎಲ್ಲಿದೆ? ಮೇಲಾಗಿ, ಕಬ್ಬಿಣ ತುಕ್ಕಾದಾಗ ಹಿಗ್ಗುತ್ತೆ. ಎರಡು ಪ್ಲೇಟ್ ಒಂದರ ಮೇಲೊಂದು ಕೂತಿರೋ ಕಡೆ ನಡುವೆ ತುಕ್ಕು ಬೆಳೆದು, ಕಲ್ಲುಗೋಡೆ ಸಂದೀಲಿ ಅರಳಿ ಬೇರು ಇಳಿದ ಹಾಗೆ, ಪ್ಲೇಟುಗಳನ್ನೇ ದೂರ ತಳ್ಳುತ್ತೆ. ಇಷ್ಟೆಲ್ಲ ಒಳಗಡೆ ನಡೆಯೋ ಕೆಲಸ. ಹೊರಗೆ ಬಳಿದ ಕಪ್ಪು ಅಲ್ಲಿಗೆ ತಲುಪೋದೇ ಇಲ್ಲ. ಅಷ್ಟೇ ಅಲ್ಲ, ನೀರು ಹೋಗ್ಲಿ ಅಂತ ಕಂಪನಿಯವರು ಬಿಟ್ಟಿರೋ ತೂತುಗಳನ್ನೂ ಅದು ಮುಚ್ಚಿಬಿಡುತ್ತೆ. ನನ್ನ ಸಿಟ್ಟು ಇರೋದೇ ಆ ತೂತಿನ ವಿಷಯದಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟೋ ಗಾಡಿಯೊಳಗೆ ನೀರು ಹೋಗೇ ಹೋಗುತ್ತೆ. ಬಂದ ನೀರು ಇಳಿದು ಹೋಗೋಕೆ ದಾರಿ ಬೇಕಲ್ವಾ?

ಹಾಗಾದ್ರೆ ಏನು ಮಾಡ್ಬೇಕು? ಮೊದಲು ಬಿಸಿಲು ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕೆಲಸ ಹಿಡೀರಿ, ಮೇ ಕೊನೇಲಿ ಅಲ್ಲ. ಪೆಟ್ಟಿಗೆಯೊಳಗಿನ ಮಣ್ಣನ್ನ ನೀರು ಹೊಡೆದು ತೆಗೆದು, ಕಂಪ್ರೆಸರ್ ಗಾಳಿ ಬಿಟ್ಟು, ವಾರಗಟ್ಟಲೆ ಒಣಗೋಕೆ ಬಿಡಿ. ಆಮೇಲೆ ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತುಕ್ಕು ತಿಂದ ಕಬ್ಬಿಣ ದಪ್ ಅಂತ ಮಂಕಾಗಿ ಕೇಳುತ್ತೆ. ಮಂಕಾದ ಕಡೆ ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿಸ್ಬೇಕು. ಪುಟ್ಟಿ ಮೆತ್ತೋಣ ಅನ್ನೋರ ಹತ್ರ ಗಾಡಿ ಬಿಡಬೇಡಿ. ಸ್ಟೀರಿಂಗು, ಸ್ಪ್ರಿಂಗು ಎಲ್ಲ ಕೂರೋದು ಚಾಸಿ ಮೇಲೇ.

ಹೊರಮೈಗೆ ಸ್ಯಾಂಡ್ ಬ್ಲಾಸ್ಟಿಂಗ್, ಅಂದ್ರೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ತುಕ್ಕು ಕೀಳೋದು, ಒಳ್ಳೇದು. ಆದ್ರೆ ಚಾಸಿ ನಂಬರ್ ಪಂಚ್ ಆಗಿರೋ ಜಾಗಕ್ಕೆ ದಪ್ಪ ಟೇಪ್ ಸುತ್ತಿಸೋದನ್ನ ದಯವಿಟ್ಟು ಮರೀಬೇಡಿ. ನಂಬರ್ ಅಳಿಸಿಹೋದ್ರೆ ಮುಂದಿನ ಸಲ ಆರ್‌ಸಿ ರಿನ್ಯೂ ಮಾಡಿಸುವಾಗ ಪಡೋ ಪಾಡು ಬೇಡ. ಬ್ಲಾಸ್ಟ್ ಆದ ಕಬ್ಬಿಣ ನಮ್ಮ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಾಗೋಕೆ ಶುರುವಾಗುತ್ತೆ, ಹಾಗಾಗಿ ಎಪಾಕ್ಸಿ ಪ್ರೈಮರ್ (ಪೇಂಟಿನ ಅಡಿಗೆ ಬಳಿಯೋ ಮೊದಲ ಲೇಪ) ಅವತ್ತೇ ಬೀಳ್ಬೇಕು. ಪ್ರೈಮರ್ ಒಣಗಿದ ಮೇಲೆ ಪ್ಲೇಟುಗಳ ಸಂದಿಗೆ ಸೀಮ್ ಸೀಲರ್, ಅದರ ಮೇಲೆ ಪೇಂಟ್. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಕಾಯಿಸಿ ಅಂಟಿಸೋದು) ಮಾಡಿಸಿ ಅಂತ ತುಂಬಾ ಜನ ಹೇಳ್ತಾರೆ. ನನಗೆ ಅದು ಸರಿ ಕಾಣಲ್ಲ. ಒಂದು ಕಲ್ಲು ಸಿಡಿದು ಚಕ್ಕೆ ಎದ್ರೆ ನೀರು ಅಡಿಯಲ್ಲೇ ಹರಡಿ ಹಾಳೆ ಹಾಳೆಯಾಗಿ ಕಿತ್ತು ಬರುತ್ತೆ. ಪೇಂಟ್ ಆದ್ರೆ ನಾವೇ ಬ್ರಶ್ ಹಿಡಿದು ಸರಿ ಮಾಡ್ಕೋಬಹುದು.

ಒಳಗಡೆಗೆ ಬ್ಲಾಸ್ಟಿಂಗ್ ತಲುಪಲ್ಲ. ಅಲ್ಲಿಗೆ ರಸ್ಟ್ ಕನ್ವರ್ಟರ್, ಅಂದ್ರೆ ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸೋ ದ್ರಾವಣ. ಇವುಗಳಲ್ಲಿ ಕೆಲವದರಲ್ಲಿ ಇರೋದು ಟ್ಯಾನಿಕ್ ಆಸಿಡ್. ಕಬ್ಬಿಣದ ಜೊತೆ ಸೇರಿ ಗಟ್ಟಿ ಕಪ್ಪಾಗುತ್ತೆ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಸೇರಿಸಿ ಮಸಿ ಮಾಡ್ತಿದ್ರಲ್ಲ, ಅದೇ ರಸಾಯನ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದ್ರೆ ಕಪ್ಪಾಗೋದೂ ಇದಕ್ಕೇ. ಹಾಗಂತ ಚೊಗರು ಬಳಿಯೋಕೆ ಹೋಗ್ಬೇಡಿ, ಅದಕ್ಕೆ ಅಳತೆ ಹದ ಇರಲ್ಲ.

ಕೊನೇಲಿ, ವೆಲ್ಡಿಂಗು ಪೇಂಟಿಂಗು ಎಲ್ಲ ಮುಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್, ಅಂದ್ರೆ ಟೊಳ್ಳು ಜಾಗದೊಳಗೆ ಹೊಡೆಯೋ ಮೇಣ. ಉದ್ದ ಟ್ಯೂಬಿನ ತುದೀಲಿ ಸುತ್ತಲೂ ಚಿಮ್ಮೋ ನಾಝಲ್ ಇರುತ್ತೆ. ಅದನ್ನ ಪೆಟ್ಟಿಗೆಯೊಳಗೆ ಪೂರ್ತಿ ತೂರಿಸಿ, ಹಿಂದಕ್ಕೆ ಎಳೀತಾ ಹೊಡೀಬೇಕು. ಮೇಣ ಮೆತ್ತಗೇ ಉಳಿದು ಸಂದಿಯೊಳಗೆ ಹರಿಯುತ್ತೆ. ಆಮೇಲೆ ಒಂದು ತಂತಿ ತಗೊಂಡು ನೀರಿನ ತೂತುಗಳನ್ನ ಒಂದೊಂದಾಗಿ ಬಿಡಿಸಿ.

ನಮ್ಮಪ್ಪನ ಕಾಲದವರು ಮಳೆಗಾಲದ ಮುಂಚೆ ಸುಟ್ಟ ಇಂಜಿನ್ ಆಯಿಲ್ ಹೊಡೀತಿದ್ರು. ಅವರ ಲೆಕ್ಕ ಸರಿ ಇತ್ತು: ಒದ್ದೆ ಉಳಿಯೋ ಎಣ್ಣೆ ಸಂದಿಗೆ ಇಳಿಯುತ್ತೆ. ಆದ್ರೆ ಅದು ರಬ್ಬರ್ ಬುಷ್ ಕೆಡಿಸುತ್ತೆ, ತೊಟ್ಟಿಕ್ಕಿ ತೋಟದ ಹಳ್ಳಕ್ಕೂ ಸೇರುತ್ತೆ. ಇವತ್ತು ಮೇಣ ಸಿಗೋವಾಗ ಅದು ಬೇಡ.

ನಮ್ಮ ಜೀಪಿಗೆ ಈ ಕೆಲಸ ಮುಗಿಸೋಕೆ ಒಂದು ಬೇಸಿಗೆ ಪೂರ್ತಿ ಹಿಡೀತು. ಜೂನಲ್ಲಿ ಮೊದಲ ದೊಡ್ಡ ಮಳೆ ಬಂದ ದಿನ ಕೆಳಗಿನ ತೋಟಕ್ಕೆ ಹೋಗಿ ಬಂದು, ಶೆಡ್ಡಲ್ಲಿ ಗೋಣಿ ಹಾಸ್ಕೊಂಡು ಅಡಿಗೆ ತೂರಿ ಟಾರ್ಚ್ ಬಿಟ್ಟೆ. ಅದೇ ಎಡಗಡೆ ಹ್ಯಾಂಗರಿನ ಹಿಂದೆ, ತೂತಿಂದ ನೀರು ತೊಟ್ಟಿಕ್ಕುತ್ತಾ ಇತ್ತು. ಬೊಗಸೆ ಒಡ್ಡಿದೆ. ಒಂದಿಷ್ಟು ಮರಳಿತ್ತು. ನೀರು ತಿಳಿಯಾಗಿತ್ತು.