ಪಂಪು ಕೊಳ್ಳುವ ಮೊದಲು ಬಿಚ್ಚಲು ಬರುತ್ತಾ ಅಂತ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಸೈಕಲ್ ಕೊಳ್ಳುವಾಗ ಗೇರು ಎಷ್ಟು, ಬ್ರೇಕು ಎಂಥದ್ದು, ಬಣ್ಣ ಯಾವುದು ಅಂತ ಅರ್ಧ ದಿನ ಚರ್ಚೆ ಮಾಡುತ್ತೇವೆ. ಪಂಪಿನ ಸರದಿ ಬರುವುದು ಬಿಲ್ಲು ಬರೆಯುವ ಹೊತ್ತಿಗೆ. "ಹಾಗೇ ಒಂದು ಪಂಪೂ ಹಾಕಿಬಿಡಿ" ಅನ್ನುತ್ತೇವೆ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ. ಆ ಪಂಪು ಒಂದೆರಡು ಮಳೆಗಾಲ ಕಂಡು ಬಾಲ್ಕನಿಯ ಮೂಲೆ ಸೇರುತ್ತದೆ. ಹಿಡಿ ಒತ್ತಿದರೆ ಸುಮ್ನೆ ಮೇಲೆ ಕೆಳಗೆ ಆಡುತ್ತದೆ, ಟೈರಿಗೆ ಗಾಳಿ ಹೋಗುವುದಿಲ್ಲ. ಆಮೇಲೆ ಗುಜರಿಗೆ.

ಗುಜರಿಗೆ ಹೋದ ಪಂಪನ್ನು ಬಿಚ್ಚಿ ನೋಡಿದರೆ ಕೊಳವೆ ಚೆನ್ನಾಗಿಯೇ ಇರುತ್ತದೆ. ಹಿಡಿಯೂ ಗಟ್ಟಿ. ಹಾಳಾಗಿರುವುದು ಒಳಗಿನ ಒಂದು ವಾಷರ್. ಇಲ್ಲವೇ ಪೈಪು. ಇಲ್ಲವೇ ಟ್ಯೂಬಿನ ಮೂತಿಗೆ ಸಿಕ್ಕಿಸುವ ತಲೆಯೊಳಗಿನ ರಬ್ಬರು. ಎಲ್ಲವೂ ಚಿಲ್ಲರೆ ಸಾಮಾನು. ಅದಕ್ಕೇ ಪಂಪು ಕೊಳ್ಳುವಾಗ ಎಷ್ಟು ಪ್ರೆಶರ್ ಬರುತ್ತೆ ಅಂತ ಆಮೇಲೆ ಕೇಳಿ. ಮೊದಲು ಕೇಳಬೇಕಾದದ್ದು, ಇದನ್ನು ಬಿಚ್ಚಲು ಬರುತ್ತಾ? ಒಳಗಿನ ವಾಷರ್ ಬೇರೆಯಾಗಿ ಸಿಗುತ್ತಾ?

ಮನೆಯಲ್ಲಿ ಪಂಪು ಯಾಕೆ ಬೇಕು, ಪೆಟ್ರೋಲ್ ಬಂಕ್ ಇದೆಯಲ್ಲ, ಬೀದಿ ತುದಿಯಲ್ಲಿ ಪಂಕ್ಚರ್ ಅಂಗಡಿ ಇದೆಯಲ್ಲ ಅನ್ನಬಹುದು. ಪಂಕ್ಚರ್ ಅಂಗಡಿ ಒಳ್ಳೆಯದೇ. ಆದರೆ ಭಾನುವಾರ ನಂದಿ ಬೆಟ್ಟಕ್ಕೆ ಹೊರಡುವವರು ಕತ್ತಲಿರುವಾಗಲೇ ಮನೆ ಬಿಡುತ್ತಾರೆ. ಆಗ ಯಾವ ಅಂಗಡಿ ತೆಗೆದಿರುತ್ತದೆ? ಬಂಕಿನ ಗಾಳಿ ಕಾರು, ಲಾರಿಗೆ ಅಂತ ಇರುವುದು. ಸೈಕಲ್ ಟ್ಯೂಬಿನಲ್ಲಿ ಹಿಡಿಯುವ ಗಾಳಿ ಬಹಳ ಕಮ್ಮಿ. ಒಂದು ಕ್ಷಣ ಜಾಸ್ತಿ ಹಿಡಿದರೆ ಢಮಾರ್. ಮತ್ತೆ, ತೆಳು ಟೈರಿನ ಸೈಕಲ್ಲು ನಿಂತಲ್ಲೇ ಗಾಳಿ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಹೊಡೆಯಲೇಬೇಕು. ಅದಕ್ಕಾಗಿ ಪ್ರತಿ ಸಲ ಬಂಕಿನ ಸಾಲಿನಲ್ಲಿ ನಿಲ್ಲುವುದಕ್ಕೆ ಯಾರಿಗೆ ಪುರುಸೊತ್ತು?

ನಮ್ಮ ಬೆಂಗಳೂರಿನ ರಸ್ತೆಯಂತೂ ಕಮ್ಮಿ ಗಾಳಿಯನ್ನು ಕ್ಷಮಿಸುವುದಿಲ್ಲ. ಟೈರು ಮೆತ್ತಗಿದ್ದಾಗ ಗುಂಡಿಗೋ ಹಂಪಿನ ಅಂಚಿಗೋ ಬಿದ್ದರೆ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಚಿವುಟಿಹೋಗುತ್ತದೆ. ಅಂಥ ಟ್ಯೂಬನ್ನು ನೀರಿಗೆ ಹಾಕಿ ನೋಡಿ. ಅಕ್ಕಪಕ್ಕ ಎರಡು ಸೀಳು, ಎರಡು ಸಾಲು ಗುಳ್ಳೆ. ಮುಳ್ಳು ಚುಚ್ಚಿದ್ದರೆ ಸಾಮಾನ್ಯವಾಗಿ ಒಂದೇ ತೂತು ಇರುತ್ತದೆ. ಹೀಗೆ ಜೋಡಿ ಸೀಳು ಕಂಡರೆ ತಪ್ಪು ಮುಳ್ಳಿನದಲ್ಲ, ಗಾಳಿ ಕಮ್ಮಿ ಇತ್ತು ಅಂತ ಅರ್ಥ.

ಪಂಪು ನೋಡುವ ಮುಂಚೆ ನಿಮ್ಮ ಸೈಕಲ್ಲಿನ ವಾಲ್ವು ಯಾವುದು ನೋಡಿಕೊಳ್ಳಿ. ಹಳೇ ಕಪ್ಪು ಸೈಕಲ್ಲಿನದು ಡನ್ಲಪ್ ವಾಲ್ವು. ಒಳಗಿನ ಪಿನ್ನಿಗೆ ಸಣ್ಣ ರಬ್ಬರ್ ನಳಿಕೆ ತೊಡಿಸಿರುತ್ತಾರೆ. ಅದನ್ನೇ ಪಂಕ್ಚರ್ ಅಂಗಡಿಯಲ್ಲಿ ವಾಲ್ ಟ್ಯೂಬ್ ಅನ್ನುವುದು. ಬೈಕು, ಕಾರಿನಲ್ಲಿರುವ ದಪ್ಪ ಮೂತಿ ಶ್ರೇಡರ್ ವಾಲ್ವು. 1893ರಲ್ಲಿ ಪೇಟೆಂಟ್ ಆದ ವಿನ್ಯಾಸ, ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಮಕ್ಕಳ ಸೈಕಲ್ಲು, ದಪ್ಪ ಟೈರಿನ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇದೇ. ರೇಸಿಂಗ್ ಸೈಕಲ್ಲಿನಲ್ಲಿ ಇರುವ ತೆಳು, ಉದ್ದ ಮೂತಿ ಪ್ರೆಸ್ಟಾ. ಅದರ ತುದಿಯ ಪುಟ್ಟ ನಟ್ಟನ್ನು ಬೆರಳಲ್ಲಿ ಸಡಿಲಿಸಿ, ಒಂದು ಸಲ ಒತ್ತಿ ಪುಸ್ ಅನ್ನಿಸಿ, ಆಮೇಲೆ ಪಂಪು ಹಾಕಬೇಕು. ಮನೆಯಲ್ಲಿ ಅಪ್ಪನದೊಂದು ಸೈಕಲ್ಲು, ಮಗಳದೊಂದು ಇದ್ದರೆ ಎರಡು ಥರದ ವಾಲ್ವು ಇರುವುದು ಮಾಮೂಲಿ. ಹಾಗಾಗಿ ಎಲ್ಲಕ್ಕೂ ಹೊಂದುವ ತಲೆ ಇರುವ ಪಂಪೇ ಒಳ್ಳೆಯದು.

ಇನ್ನು ಪಂಪಿನ ಹೊಟ್ಟೆಯೊಳಗೆ ಹೋಗೋಣ. ನನಗೆ ಇಷ್ಟವಾದ ಜಾಗ ಇದು.

ಹಳೇ ಉಕ್ಕಿನ ಪಂಪನ್ನೇ ತೆಗೆದುಕೊಳ್ಳಿ. ಮೇಲೆ ಮರದ ಹಿಡಿ, ಕೆಳಗೆ ಕಾಲಿಡಲು ಎರಡು ಪಟ್ಟಿ. ಕೊಳವೆಯ ಮೇಲಿನ ಮುಚ್ಚಳವನ್ನು ತಿರುಗಿಸಿದರೆ ಬಿಚ್ಚುತ್ತದೆ. ಹಿಡಿ ಹಿಡಿದು ಎಳೆದರೆ ಕಡ್ಡಿ ಪೂರ್ತಿ ಆಚೆ ಬರುತ್ತದೆ. ಕಡ್ಡಿಯ ತುದಿಯಲ್ಲಿ ಒಂದು ನಟ್ಟು, ಒಂದು ತಗಡಿನ ಬಿಲ್ಲೆ, ಅವುಗಳ ನಡುವೆ ಒಂದು ಚರ್ಮದ ವಾಷರ್. ಅದು ಚಪ್ಪಟೆಯಾಗಿರುವುದಿಲ್ಲ, ಪುಟ್ಟ ದೊನ್ನೆಯ ಥರ ಇರುತ್ತದೆ. ಬಾಯಿ ಕೆಳಗಡೆಗೆ.

ಹಿಡಿಯನ್ನು ಕೆಳಗೆ ಒತ್ತಿದಾಗ ಒಳಗಿನ ಗಾಳಿ ಈ ವಾಷರಿನ ಅಂಚನ್ನು ಹೊರಗೆ ತಳ್ಳುತ್ತದೆ. ಅಂಚು ಕೊಳವೆಯ ಗೋಡೆಗೆ ಒತ್ತಿ ಕೂರುತ್ತದೆ. ನೀವು ಎಷ್ಟು ಜೋರಾಗಿ ಒತ್ತಿದರೆ ಅಷ್ಟು ಬಿಗಿ. ಗಾಳಿಗೆ ಬೇರೆ ದಾರಿ ಇಲ್ಲ, ಟೈರಿಗೇ ಹೋಗಬೇಕು. ಹಿಡಿ ಮೇಲೆತ್ತಿದಾಗ ಅದೇ ಅಂಚು ಒಳಕ್ಕೆ ಬಾಗಿ ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ. ಒಂದು ತುಂಡು ಚರ್ಮ, ಬಾಗಿಲೂ ಅದೇ, ಬೀಗವೂ ಅದೇ. ಅದು ಮೆತ್ತಗಿರುವವರೆಗೆ ಪಂಪು ಕೆಲಸ ಮಾಡುತ್ತದೆ. ಒಣಗಿ ಕುಗ್ಗಿತೋ, ಅಂಚು ಗೋಡೆಗೆ ತಾಗುವುದೇ ಇಲ್ಲ. ಬಾಲ್ಕನಿ ಮೂಲೆಯ ಪಂಪಿಗೆ ಆಗಿರುವುದು ಇದೇ.

ಮದ್ದು ಮನೆಯಲ್ಲೇ ಇದೆ. ವಾಷರನ್ನು ಬಿಚ್ಚಿ, ಕೊಳೆ ಒರೆಸಿ, ರಾತ್ರಿ ಪೂರ್ತಿ ಹರಳೆಣ್ಣೆಯಲ್ಲಿ ನೆನೆಹಾಕಿ. ಬೆಳಗ್ಗೆ ತೆಗೆದು ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಅಗಲಿಸಿ. ಹೆಚ್ಚಿನ ಎಣ್ಣೆ ಒರೆಸಿಬಿಡಿ, ಇಲ್ಲದಿದ್ದರೆ ಅದು ಗಾಳಿಯ ಜೊತೆ ಟ್ಯೂಬಿನೊಳಗೆ ಹೋಗುತ್ತದೆ. ರಬ್ಬರಿಗೆ ಎಣ್ಣೆ ಒಳ್ಳೆಯದಲ್ಲ. ಮತ್ತೆ ಕೊಳವೆಗೆ ಇಳಿಸುವಾಗ ಅಂಚು ಮಡಚದಂತೆ ಓರೆಯಾಗಿ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಇಳಿಸಬೇಕು. ಇಲ್ಲಿ ಅವಸರ ಮಾಡಿದರೆ ಚರ್ಮ ಹರಿಯುತ್ತದೆ. ಕೊಬ್ಬರಿ ಎಣ್ಣೆ ಸಾಲದಾ ಅಂತ ಕೇಳುತ್ತಾರೆ. ಡಿಸೆಂಬರಿನಲ್ಲಿ ನಿಮ್ಮ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಬೆಳಗ್ಗೆ ಗಟ್ಟಿಯಾಗಿ ಕೂತಿರುತ್ತದೆ ಅಲ್ವಾ? ಪಂಪಿನೊಳಗೂ ಅದೇ ಕಥೆ.

ಈಗಿನ ಬಹಳಷ್ಟು ಪಂಪುಗಳಲ್ಲಿ ಚರ್ಮ ಇರುವುದಿಲ್ಲ. ರಬ್ಬರಿನ ದೊನ್ನೆ ಇಲ್ಲವೇ ಓ ರಿಂಗ್, ಅಂದರೆ ರಬ್ಬರಿನ ಪುಟ್ಟ ಬಳೆ ಇರುತ್ತದೆ. ಕೆಟ್ಟದ್ದೇನೂ ಅಲ್ಲ. ಓ ರಿಂಗ್ ಆದರೆ ಅದೃಷ್ಟ, ಅಳತೆ ಕೊಟ್ಟರೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಬಹುದು. ಹಳೆಯದನ್ನೇ ಜೇಬಿಗೆ ಹಾಕಿಕೊಂಡು ಹೋಗಿ, ಬಾಯಲ್ಲಿ ಹೇಳಿದರೆ ತಲೆನೋವು. ಆ ಕಂಪನಿಯದೇ ವಿಚಿತ್ರ ಆಕಾರದ ದೊನ್ನೆ ಆಗಿದ್ದರೆ ಮಾತ್ರ, ಬಿಡಿಭಾಗ ಕೊಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಬೇಕು. ರಬ್ಬರಿಗೆ ಹಚ್ಚಲು ಸಿಲಿಕಾನ್ ಗ್ರೀಸು ಸರಿ. ಗಾಡಿಯ ಗ್ರೀಸು ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿಬಿಡುತ್ತದೆ.

ಕೊಳವೆಯ ದಪ್ಪದ ವಿಚಾರಕ್ಕೆ ಬರೋಣ. ದಪ್ಪ ಕೊಳವೆ ಇದ್ದರೆ ಬೇಗ ತುಂಬುತ್ತೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನಿಜ. ಆದರೆ ಅರ್ಧ ನಿಜ. ಒಳಗಿನ ಅಗಲ 38 ಮಿಲಿಮೀಟರ್ ಇದೆ ಅನ್ನಿ. ಟೈರಿನಲ್ಲಿ 100 ಪಿಎಸ್‌ಐ ಒತ್ತಡ, ನಮ್ಮ ಪಂಕ್ಚರ್ ಅಂಗಡಿಯ ಮಾತಿನಲ್ಲಿ 100 ಪಾಯಿಂಟ್, ಬೇಕಿದ್ದರೆ ಕೊನೆಯ ಒತ್ತಿಗೆ ಹೆಚ್ಚುಕಮ್ಮಿ 80 ಕೆ.ಜಿ. ಭಾರ ಹಾಕಬೇಕು. 50 ಕೆ.ಜಿ. ತೂಕದ ಹುಡುಗಿ ಹಿಡಿಯ ಮೇಲೆ ನಿಂತುಕೊಂಡರೂ ಅದು ಕೆಳಗಿಳಿಯುವುದಿಲ್ಲ. ಅದೇ 32 ಮಿಲಿಮೀಟರ್ ಕೊಳವೆಗೆ 56 ಕೆ.ಜಿ. ಸಾಕು. 28 ಮಿಲಿಮೀಟರ್ ಆದರೆ 43. ರೇಸಿಂಗ್ ಸೈಕಲ್ಲಿನವರು ಉದ್ದ, ಸಪೂರ ಪಂಪು ಇಷ್ಟಪಡುವುದು ಇದಕ್ಕೇ. ಕಾಡಿನ ಮಣ್ಣು ದಾರಿಯಲ್ಲಿ ಓಡಿಸುವ ದಪ್ಪ ಟೈರಿಗೆ 30 ಪಾಯಿಂಟಿನ ಆಸುಪಾಸು ಸಾಕಾಗುತ್ತದೆ, ಆದರೆ ತುಂಬಬೇಕಾದ ಗಾಳಿ ಜಾಸ್ತಿ. ಅವರಿಗೆ ದಪ್ಪ ಕೊಳವೆ ಸರಿ. ಆಫೀಸಿಗೆ, ಹಾಲಿನಂಗಡಿಗೆ, ಭಾನುವಾರ ಗಾಡಿಗಳಿಲ್ಲದ ಕಬ್ಬನ್ ಪಾರ್ಕಿಗೆ ಹೋಗುವ ಸೈಕಲ್ಲಿಗೆ ನಡುಗಾತ್ರದ್ದು. ಡಬ್ಬದ ಮೇಲೆ 160 ಪಿಎಸ್‌ಐ ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ನಿಮ್ಮ ಟೈರಿಗೆ ಎಷ್ಟು ಅಂತ ಅದರ ಪಕ್ಕೆಯಲ್ಲೇ ಅಚ್ಚು ಹಾಕಿರುತ್ತಾರೆ. ಅದನ್ನು ಓದಿ.

ಪಂಪಿನ ಮೇಲಿರುವ, ಒತ್ತಡ ತೋರಿಸುವ ಮೀಟರಿಗೂ ಇದೇ ಮಾತು. ಗುಂಡು ಮೀಟರಿನೊಳಗೆ ಬಾಗಿದ ಒಂದು ತೆಳು ಕೊಳವೆ ಇರುತ್ತದೆ. ಗಾಳಿಯ ಒತ್ತಡ ಹೆಚ್ಚಾದಂತೆ ಅದು ನೆಟ್ಟಗಾಗಲು ನೋಡುತ್ತದೆ, ಆ ಎಳೆತದಲ್ಲಿ ಮುಳ್ಳು ತಿರುಗುತ್ತದೆ. 1849ರಲ್ಲಿ ಫ್ರಾನ್ಸಿನ ಬೂರ್ಡೋನ್ ಪೇಟೆಂಟ್ ಪಡೆದ ಉಪಾಯ. 160ರವರೆಗೆ ಗೆರೆ ಇರುವ ಮೀಟರಿನಲ್ಲಿ 30 ಪಾಯಿಂಟ್ ಓದಲು ಹೋದರೆ ಮುಳ್ಳು ಬುಡದಲ್ಲೇ ಇರುತ್ತದೆ, 25 ಯಾವುದು 35 ಯಾವುದು ಗೊತ್ತಾಗುವುದಿಲ್ಲ. ನಿಮಗೆ ಬೇಕಾದ ಅಂಕಿ ಮೀಟರಿನ ನಡುಭಾಗದಲ್ಲಿ ಬರಬೇಕು. ಇನ್ನೊಂದು, ಡನ್ಲಪ್ ವಾಲ್ವಿನ ಸೈಕಲ್ಲಿಗೆ ಮೀಟರು ಸರಿಯಾದ ಲೆಕ್ಕ ಕೊಡುವುದಿಲ್ಲ. ಆ ರಬ್ಬರ್ ನಳಿಕೆಯನ್ನು ಸರಿಸಿಕೊಂಡು ಗಾಳಿ ಒಳಗೆ ಹೋಗಬೇಕಲ್ಲ, ಮೀಟರಿಗೆ ಕಾಣುವುದು ಪೈಪಿನ ಒತ್ತಡ, ಟೈರಿನದ್ದಲ್ಲ. ಅಲ್ಲಿ ಹೆಬ್ಬೆರಳಿನಲ್ಲಿ ಒತ್ತಿ ನೋಡುವ ಹಳೇ ಪದ್ಧತಿಯೇ ವಾಸಿ.

ಪೈಪು, ತಲೆ. ಪೈಪನ್ನು ಕ್ಲಿಪ್ಪು ಹಾಕಿ ಬಿಗಿದಿದ್ದರೆ ನೀವೇ ಬದಲಾಯಿಸಬಹುದು. ತಗಡು ಒತ್ತಿ ಶಾಶ್ವತವಾಗಿ ಮುಚ್ಚಿದ್ದರೆ ಕತ್ತರಿಸಬೇಕು. ಪೈಪು ಬಿರಿಯುವುದು ಬಹುತೇಕ ಬುಡದ ತಿರುವಿನಲ್ಲಿ, ಅಂಗಡಿಯಲ್ಲೇ ಅಲ್ಲಿ ಬಗ್ಗಿಸಿ ನೋಡಿ. ತಲೆಯ ಲಿವರು ಪ್ಲಾಸ್ಟಿಕ್ಕಿನದಾದರೆ ನನಗೆ ಅನುಮಾನ. ತಲೆಯೊಳಗಿನ ರಬ್ಬರು ಎಲ್ಲಕ್ಕಿಂತ ಮೊದಲು ಸವೆಯುತ್ತದೆ, ಅದಂತೂ ಬೇರೆ ಸಿಗಲೇಬೇಕು. ಬುಡ ಲೋಹದ್ದಿರಲಿ, ಎರಡು ಪಾದ ಊರುವಷ್ಟು ಅಗಲವಿರಲಿ.

ಹೊರದೇಶದಲ್ಲಿ ಈ ದುರಸ್ತಿಯ ಲೆಕ್ಕಾಚಾರವನ್ನೇ ನಂಬಿಕೊಂಡ ಕಂಪನಿಗಳಿವೆ. ಜರ್ಮನಿಯ ಎಸ್‌ಕೆಎಸ್‌ನವರ ರೆನ್‌ಕಂಪ್ರೆಸರ್ ಪಂಪು 1966ರಿಂದ ಇದೆ. ಉಕ್ಕಿನ ಕೊಳವೆ, ಮರದ ಹಿಡಿ, ಬಿಡಿಭಾಗವೂ ಸಿಗುತ್ತದೆ. ಇಟಲಿಯ ಮಿಲಾನ್‌ನಲ್ಲಿ 1917ರಲ್ಲಿ ಶುರುವಾದ ಸಿಲ್ಕಾ ಈಗ ಅಮೆರಿಕದ್ದು. ಅವರು ಹಳೇ ಪಂಪುಗಳಿಗೂ ಚರ್ಮದ ವಾಷರ್ ಮಾರುತ್ತಾರೆ. ತೈವಾನಿನ ಟೋಪೀಕ್ ಕೂಡ ತನ್ನ ಪಂಪುಗಳಿಗೆ ದುರಸ್ತಿ ಕಿಟ್ ಕೊಡುತ್ತದೆ. ಹಣ ಇದ್ದರೆ ಖಂಡಿತ ನೋಡಿ. ಆದರೆ ದಿನಬಳಕೆಯ ಸೈಕಲ್ಲಿಗೆ ಅಷ್ಟು ಖರ್ಚು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಂಕ್ಚರ್ ಅಂಗಡಿಯವರು ಇಟ್ಟುಕೊಂಡಿರುವಂಥ ಉಕ್ಕಿನ ಪಂಪಿಗೆ ಬೇಕಿದ್ದರೆ ಬೇರೆ ಮೀಟರು ಸೇರಿಸಿಕೊಳ್ಳಬಹುದು. ಬ್ಯಾಟರಿಯ ಪುಟ್ಟ ಪಂಪು ಬ್ಯಾಗಿನಲ್ಲಿರಲಿ, ಮನೆಗೆ ಅದೇ ಸಾಕು ಅನ್ನಬೇಡಿ. ಬ್ಯಾಟರಿ ಹೋದ ಮೇಲೆ ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ತಲೆಯ ತೂತನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಇನ್ನೊಬ್ಬರಿಗೆ ಹಿಡಿ ಒತ್ತಲು ಹೇಳಿ. ಎದುರೊತ್ತು ಬರಬೇಕು. ಹಿಡಿ ಸಲೀಸಾಗಿ ತಳ ಮುಟ್ಟಿದರೆ ವಾಷರ್ ಸರಿಯಿಲ್ಲ. ಮನೆಗೆ ತಂದ ಮೇಲೂ ಲಕ್ಷಣ ನೋಡಿಯೇ ಕಾಯಿಲೆ ಹೇಳಬಹುದು. ಟೈರಿಗೆ ಹಾಕಿರುವಾಗ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ಪಂಪಿನ ಬುಡದಲ್ಲಿ ಗಾಳಿಯನ್ನು ತಡೆಯಬೇಕಾದ ವಾಲ್ವು ಅದನ್ನು ವಾಪಸ್ ಬಿಡುತ್ತಿದೆ. ಒಂದು ಚೂರು ಮರಳು ಸಿಕ್ಕಿಕೊಂಡಿದ್ದರೂ ಹಾಗಾಗುತ್ತದೆ, ಬಿಚ್ಚಿ ಒರೆಸಿದರೆ ಮುಗಿಯಿತು. ಟ್ಯೂಬಿನ ಮೂತಿಯ ಹತ್ತಿರ ಬುಸ್ ಅಂದರೆ ತಲೆಯ ರಬ್ಬರು. ಗಾಳಿ ಹೊಡೆದಾದ ಮೇಲೆ ಕೊಳವೆಯ ಬುಡ ಬಿಸಿಯಾಗಿದ್ದರೆ ಗಾಬರಿಯಾಗಬೇಡಿ. ಗಾಳಿಯನ್ನು ಹಿಂಡಿದರೆ ಬಿಸಿಯಾಗುವುದು ಅದರ ಗುಣ.

ಕೊಳ್ಳುವ ದಿನವೇ ಎರಡು ವಾಷರ್, ಎರಡು ತಲೆಯ ರಬ್ಬರು ಜಾಸ್ತಿ ಕೊಡಿ ಅಂತ ಕೇಳಿ. ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡಿನಿಂದ ಹಿಡಿಗೇ ಕಟ್ಟಿಬಿಡಿ. ಅಂಗಡಿಯವರು "ಅವು ಬರಲ್ಲ ಸಾರ್, ಕೆಟ್ಟರೆ ಹೊಸದು ತಗೊಳ್ಳಿ" ಅಂದರೆ ಪಕ್ಕದ ಅಂಗಡಿಗೆ ಹೋಗಿ.

ನಮಸ್ಕಾರ.