ಯಾವ ಬಾಗಿಲ ಹಿಂದೆ ಯಾರಿದ್ದಾರೆ?

ಕೇಳುಗರೇ, ನಮಸ್ಕಾರ.

ಸಾಂಕ್ರಾಮಿಕ ಪಿಡುಗು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಆಸ್ಪತ್ರೆ, ವೆಂಟಿಲೇಟರ್, ಆಕ್ಸಿಜನ್ ಸಿಲಿಂಡರ್. ಅವೆಲ್ಲ ಬೇಕೇ ಬೇಕು. ಆದರೆ ಇವತ್ತು ನಾನು ಮಾತಾಡುವುದು ಒಂದು ನೋಟ್‌ಬುಕ್ಕಿನ ಬಗ್ಗೆ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕಾಗುತ್ತದೆ ಎಂದು ಬರೆದಿಟ್ಟ ಪಟ್ಟಿ. ಮೂರನೇ ಮನೆಯ ಅಜ್ಜಿ ಒಬ್ಬರೇ ಇದ್ದಾರೆ, ಕಿವಿ ಕೇಳುವುದಿಲ್ಲ. ಆಚೆ ಬೀದಿಯ ಹೆಣ್ಣುಮಗಳು ಏಳು ತಿಂಗಳ ಬಸುರಿ. ಮೂಲೆಮನೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇಷ್ಟು ಗೊತ್ತಿರುವ ಊರು ಪಿಡುಗನ್ನು ಎದುರಿಸುವ ರೀತಿಯೇ ಬೇರೆ.

ಇದಕ್ಕೆ ಒಂದು ಹಳೆಯ ಘಟನೆ ಹೇಳುತ್ತೇನೆ. 1966ರ ಡಿಸೆಂಬರ್. ಪೂರ್ವ ನೈಜೀರಿಯಾದಲ್ಲಿ ಸಿಡುಬು ಕಾಣಿಸಿಕೊಂಡಿತು. ಅಲ್ಲಿದ್ದ ವೈದ್ಯ ವಿಲಿಯಂ ಫೋಗಿ ಅವರ ಹತ್ತಿರ ಎಲ್ಲರಿಗೂ ಹಾಕುವಷ್ಟು ಲಸಿಕೆ ಇರಲಿಲ್ಲ. ಆ ಭಾಗದ ಮಿಷನರಿಗಳ ಬಳಿ ಪರಸ್ಪರ ಮಾತಾಡುವ ರೇಡಿಯೋ ಸೆಟ್ಟುಗಳಿದ್ದವು. ಫೋಗಿ ಆ ರೇಡಿಯೋದಲ್ಲೇ ಅವರನ್ನು ಕೇಳಿಕೊಂಡರು: ನಿಮ್ಮ ಸುತ್ತಮುತ್ತಲ ಹಳ್ಳಿಗಳಿಗೆ ಜನ ಕಳಿಸಿ, ಎಲ್ಲಿ ಸಿಡುಬು ಇದೆ ನೋಡಿ ಹೇಳಿ. ಮಾರನೇ ದಿನ ಉತ್ತರ ಬಂತು. ರೋಗ ಇದ್ದ ಹಳ್ಳಿಗಳಿಗೂ, ಅಲ್ಲಿಂದ ಜನ ಹೆಚ್ಚಾಗಿ ಓಡಾಡುವ ಊರುಗಳಿಗೂ ಮೊದಲು ಲಸಿಕೆ ಹೋಯಿತು. ಅಲ್ಲಿನ ಅರ್ಧದಷ್ಟು ಜನಕ್ಕೂ ಲಸಿಕೆ ಹಾಕುವ ಮೊದಲೇ ಸಿಡುಬು ನಿಂತುಹೋಯಿತು. ರೋಗಿಯನ್ನು ಹುಡುಕಿ ಸುತ್ತ ಲಸಿಕೆಯ ಬೇಲಿ ಹಾಕುವ ಈ ದಾರಿಯಿಂದಲೇ ಮುಂದೆ ಜಗತ್ತಿನ ಸಿಡುಬು ಹೋದದ್ದು. 1980ರಲ್ಲಿ ಅದು ಇನ್ನಿಲ್ಲ ಎಂದು ಘೋಷಣೆಯಾಯಿತು. ಲಸಿಕೆ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ, ನಿಜ. ಆದರೆ ಇದ್ದಷ್ಟು ಲಸಿಕೆಯನ್ನು ಎಲ್ಲಿಗೆ ಒಯ್ಯಬೇಕು ಎಂದು ಹೇಳಿದವರು ಸ್ಥಳೀಯರು.

ಕೋವಿಡ್ ಕಾಲಕ್ಕೆ ಬರೋಣ. ಆ ರೋಗದ ಒಂದು ಗುಣ ನಿಮಗೆ ನೆನಪಿರಬಹುದು. ಮೊದಲ ನಾಲ್ಕೈದು ದಿನ ಸಾಧಾರಣ ಜ್ವರ, ಕೆಮ್ಮು. ಅನೇಕರಿಗೆ ಅಲ್ಲಿಗೇ ಮುಗಿಯುತ್ತಿತ್ತು. ಕೆಲವರಿಗೆ ಮಾತ್ರ ಆಮೇಲೆ ಉಸಿರಾಟ ಕೆಡುತ್ತಿತ್ತು. ಅದರಲ್ಲೂ ಕೆಲವರಿಗೆ ರಕ್ತದ ಆಮ್ಲಜನಕ ಇಳಿದಿದ್ದರೂ ಏದುಸಿರು ಬರುತ್ತಿರಲಿಲ್ಲ. 'ನಾನು ಚೆನ್ನಾಗೇ ಇದ್ದೀನಿ' ಅನ್ನುತ್ತಲೇ ಇರುತ್ತಿದ್ದರು. ಇಂಥವರನ್ನು ಉಳಿಸುವ ಹೊತ್ತು ಬಹಳ ಚಿಕ್ಕದು. ದೊಡ್ಡ ಆಸ್ಪತ್ರೆಗೆ ಅದು ಕಾಣುವುದಿಲ್ಲ. ಯಾಕೆಂದರೆ ಆ ವ್ಯಕ್ತಿ ಇನ್ನೂ ಅಲ್ಲಿಗೆ ಹೋಗಿಯೇ ಇಲ್ಲ. ದಿನಾ ಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆಗೆ, ದಿನಾ ಫೋನ್ ಮಾಡುವ ಸ್ವಯಂಸೇವಕನಿಗೆ ಅದು ಕಾಣುತ್ತದೆ.

ಆ ಕಾರ್ಯಕರ್ತೆ ಮಾಡುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಆಕ್ಸಿಮೀಟರ್ ಇದೆಯಲ್ಲ, ಅದನ್ನು ಬಂದವಳೇ ಹಾಕಿ ನೋಡಿಬಿಡುವುದಿಲ್ಲ. ಮೊದಲು ರೋಗಿಯನ್ನು ಐದು ನಿಮಿಷ ಸುಮ್ನೆ ಕೂರಿಸುತ್ತಾಳೆ. ಬೆರಳು ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿಕೊಳ್ಳಲು ಹೇಳುತ್ತಾಳೆ. ಉಗುರಿಗೆ ಬಣ್ಣ ಇದ್ದರೆ ಅಳಿಸಬೇಕು. ಅಂಕಿ ಒಂದೇ ಕಡೆ ನಿಲ್ಲುವ ತನಕ ಕಾಯುತ್ತಾಳೆ. 94ಕ್ಕಿಂತ ಕೆಳಗೆ ಬಂದರೆ ತಡ ಮಾಡದೆ ವೈದ್ಯರಿಗೆ ತಿಳಿಸುತ್ತಾಳೆ. ಇನ್ನೊಂದು ವಿಷಯವೂ ಅವಳಿಗೆ ಗೊತ್ತಿರಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಒಂದು ದಿನದ ಅಂಕಿ ನೋಡಿ ಸಮಾಧಾನಪಡುವಂತಿಲ್ಲ. ನಿನ್ನೆ 98, ಇವತ್ತು 95 ಅಂದರೆ ನಾಳೆಯ ತನಕ ಕಾಯದೆ ಸಂಜೆಗೇ ಮತ್ತೊಮ್ಮೆ ನೋಡಬೇಕು. ಮಾತಾಡುವಾಗ ವಾಕ್ಯ ಮುಗಿಸುವಷ್ಟು ಉಸಿರಿದೆಯೇ, ತುಟಿಯ ಬಣ್ಣ ಹೇಗಿದೆ, ನಿನ್ನೆ ಎದ್ದು ಬಂದು ಬಾಗಿಲು ತೆರೆದವರು ಇವತ್ತು ಮಲಗೇ ಇದ್ದಾರಾ? ಇದನ್ನೆಲ್ಲ ಯಾವ ಯಂತ್ರವೂ ಹೇಳುವುದಿಲ್ಲ. ನಿನ್ನೆಯೂ ಬಂದಿದ್ದವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಪಿಡುಗು ಬಂತು ಅಂತ ಬೇರೆ ಕಾಯಿಲೆಗಳು ಸುಮ್ಮನೆ ಕೂರುವುದಿಲ್ಲ. ಹೆರಿಗೆ ಮುಂದಕ್ಕೆ ಹೋಗುವುದಿಲ್ಲ. 2014ರಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹಬ್ಬಿತು. ಸುಮಾರು 11,300 ಜನ ತೀರಿಕೊಂಡರು. ಆಗ ಚಿಕಿತ್ಸಾ ಕೇಂದ್ರಗಳು ಬಾಗಿಲು ಹಾಕಿದವು, ತೆರೆದಿದ್ದ ಕಡೆಗೂ ಹೋಗಲು ಜನ ಹೆದರಿದರು. ಮಲೇರಿಯಾ, ಕ್ಷಯ, ಎಚ್‌ಐವಿಗೆ ಸರಿಯಾದ ಚಿಕಿತ್ಸೆ ಸಿಗದೆ ಸತ್ತವರೂ ಹೆಚ್ಚುಕಡಿಮೆ ಅಷ್ಟೇ ಇರಬಹುದು ಎಂದು ಆಮೇಲೆ ಸಂಶೋಧಕರು ಅಂದಾಜು ಮಾಡಿದರು.

ಕೋವಿಡ್‌ನಲ್ಲೂ ಅದೇ ಆಯಿತು. 2020ರಲ್ಲಿ ಕ್ಷಯದಿಂದ ಸಾಯುವವರ ಸಂಖ್ಯೆ ಹತ್ತು ವರ್ಷಗಳಿಗೂ ಹೆಚ್ಚಿನ ಕಾಲದ ನಂತರ ಮೊದಲ ಸಲ ಏರಿತು. 2021ರಲ್ಲಿ ಜಗತ್ತಿನ ಸುಮಾರು 2.5 ಕೋಟಿ ಮಕ್ಕಳಿಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಒಂದಾದರೂ ಡೋಸ್ ತಪ್ಪಿತು. ದಡಾರದ ವಿಷಯ ಇನ್ನೂ ಸೂಕ್ಷ್ಮ. ಅದು ಎಷ್ಟು ಬೇಗ ಹರಡುತ್ತದೆ ಅಂದರೆ, ನೂರಕ್ಕೆ 95 ಮಕ್ಕಳಿಗಾದರೂ ಲಸಿಕೆ ಆಗದಿದ್ದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎಲ್ಲಾ ಬಂದ್ ಮಾಡುವ ಆದೇಶ ಬಂದಾಗಲೂ ಲಸಿಕೆ, ಹೆರಿಗೆ, ಕ್ಷಯದ ಮಾತ್ರೆ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಔಷಧ ನಿಲ್ಲಬಾರದು. ಒಂದು ತಿಂಗಳ ಬದಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟುಬಿಡಬಹುದು. ಜ್ವರದವರಿಗೆ ಒಂದು ಬಾಗಿಲು, ಬಸುರಿಯರಿಗೆ, ಮಕ್ಕಳಿಗೆ ಇನ್ನೊಂದು ಬಾಗಿಲು ಮಾಡಬಹುದು. ಇದು ಮನಸ್ಸಿದ್ದರೆ ಆಗುವ ಕೆಲಸ.

ಜನರ ನಂಬಿಕೆಯ ಮಾತನ್ನೂ ಹೇಳಬೇಕು. ಎಬೋಲಾದಲ್ಲಿ ಸತ್ತವರ ದೇಹದಿಂದಲೂ ರೋಗ ಅಂಟುತ್ತಿತ್ತು. ಮೊದಮೊದಲು ಮೈಪೂರ್ತಿ ಮುಚ್ಚಿಕೊಂಡ ಅಪರಿಚಿತರು ಬಂದು ಹೆಣ ಎತ್ತಿಕೊಂಡು ಹೋಗುತ್ತಿದ್ದರು. ಮನೆಯವರಿಗೆ ಕೊನೆಯ ಮುಖವೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಆಗ ಜನ ಏನು ಮಾಡಿದರು? ಕಾಯಿಲೆ ಮುಚ್ಚಿಟ್ಟರು, ಗುಟ್ಟಾಗಿ ಮಣ್ಣು ಮಾಡಿದರು. 2014ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಮುಖಂಡರ ಜೊತೆ ಕೂತು ಹೊಸ ಕ್ರಮ ತಂದಿತು. ಮುಟ್ಟುವಂತಿಲ್ಲ, ಆದರೆ ಮನೆಯವರು ದೂರದಲ್ಲಿ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು. ಸಾವಿಗೆ ಮರ್ಯಾದೆ ಸಿಗುವುದು ರೋಗ ತಡೆಯುವ ಕೆಲಸವೇ. ಬಾಗಿಲಿಗೆ ಚೀಟಿ ಅಂಟಿಸಿ, ಬೀದಿಗೆ ತಗಡು ಬಡಿದರೆ ಪಕ್ಕದ ಮನೆಯವರು ತಮ್ಮ ಜ್ವರ ಹೇಳಿಕೊಳ್ಳುತ್ತಾರಾ? 'ನಿಮಗೆ ದಿನಸಿ ಯಾರು ತಂದುಕೊಡ್ತಾರೆ?' ಎಂದು ಮೊದಲು ಕೇಳುವ ಊರಿನಲ್ಲಿ ಜನ ತಾವಾಗಿಯೇ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗೆ 'ಹದಿನಾಲ್ಕು ದಿನ ಒಳಗಿರಿ' ಅನ್ನುವುದು ಸುಲಭ. ಇರುವುದಕ್ಕೆ ದಾರಿ ಮಾಡಿಕೊಡಬೇಕಾದದ್ದು ನಾವು.

ಇಷ್ಟೆಲ್ಲ ಮಾಡುವ ಕಾರ್ಯಕರ್ತೆಯರಿಗೆ ಚಪ್ಪಾಳೆ ತಟ್ಟಿದರೆ ಸಾಲದು. ಮಾಸ್ಕ್, ಕೈಗವಸು, ಸಮಯಕ್ಕೆ ಸಂಬಳ, ವಾರಕ್ಕೊಂದು ರಜೆ ಕೊಡಬೇಕು. ಕಾಯಿಲೆ ಬಿದ್ದರೆ ಅವರಿಗೂ ಹಾಸಿಗೆ ಸಿಗಬೇಕು.

2020ರ ಜನವರಿ 30ರಂದು ಕೋವಿಡ್ ಬಗ್ಗೆ ಜಾಗತಿಕ ತುರ್ತು ಸ್ಥಿತಿ ಘೋಷಣೆಯಾಯಿತು. 2023ರ ಮೇ 5ರಂದು ಅದು ಮುಗಿಯಿತು. ಆ ಮೂರು ವರ್ಷಗಳಲ್ಲಿ ಕಷ್ಟಪಟ್ಟು ಮಾಡಿಕೊಂಡ ಫೋನ್ ನಂಬರುಗಳ ಪಟ್ಟಿ, ಸ್ವಯಂಸೇವಕರ ಗುಂಪು ಎಷ್ಟೋ ಕಡೆ ಹಾಗೇ ಕರಗಿಹೋಗಿವೆ. ಪಟ್ಟಿಯನ್ನು ಈಗಲೇ ಮತ್ತೆ ಮಾಡಬೇಕು. ಬೀದಿಗೆ ಇಬ್ಬರು ಸಾಕು, ಒಬ್ಬರು ಮಲಗಿದರೆ ಇನ್ನೊಬ್ಬರು ಇರಲಿ ಅಂತ. ಬರೆಯುವ ಮೊದಲು ಮನೆಯವರ ಒಪ್ಪಿಗೆ ಕೇಳಿ. ಬೇಡ ಅಂದರೆ ಬಿಡಿ. ಕಾಯಿಲೆಯ ವಿವರ ಊರಿಗೆಲ್ಲ ಗೊತ್ತಾಗಬಾರದು, ಹಾಗಾಗಿ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಕಾಗದದಲ್ಲಿ ಬರೆದು, ಒಂದು ಪ್ರತಿಯನ್ನು ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಕೈಗೆ ಕೊಡಿ. ಆರು ತಿಂಗಳಿಗೊಮ್ಮೆ ತಿದ್ದಿ. ಆ ಕೇಂದ್ರಕ್ಕೆ ಹೋದಾಗ, ಲಸಿಕೆ ತಪ್ಪಿಸಿಕೊಂಡ ಮಕ್ಕಳು ನಮ್ಮ ಬೀದಿಯಲ್ಲಿ ಇನ್ನೂ ಎಷ್ಟು ಜನ ಇದ್ದಾರೆ ಎಂದು ಅವರನ್ನೇ ಕೇಳಿ ನೋಡಿ.

ನಮಸ್ಕಾರ.